ಗೃಹಾರೋಗ್ಯ: ಒಂದೇ ಒಡಲಿನಲ್ಲಿ ಎರಡು ಔಷಧಗಳು



ಬೇರೆ ಬೇರೆಯಾಗಿ ಹಿತಕರವಾದ ಎರಡು ವಸ್ತುಗಳು ಒಂದಾಗಿ ಸೇರಿದಾಗ ಅಹಿತವಾಗುವುದುಂಟೆಂಬುದನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇದನ್ನು ಸಂಯೋಗವಿರುದ್ಧವೆಂದು ಕರೆದಿದೆ. ಹಾಲಿನೊಡನೆ ಹುಳಿಯನ್ನು ಸೇವಿಸುವುದು ಅಲ್ಲಿಯ ನಿದರ್ಶನ. ಇಂದಿನ ವೈದ್ಯಶಾಸ್ತ್ರವು ಬೇರೆಯ ದಾರಿಯಿಂದ ಬಂದು, ಔಷಧಗಳ ವಿಷಯದಲ್ಲಿಯೂ ಇಂಥ ವಿರೋಧಗಳನ್ನು ಕಂಡುಹಿಡಿದಿದೆ. ಅವುಗಳಲ್ಲಿ ಬಾಣಂತಿಯರಿಗೂ ಎಳೆಗೂಸಿನ ತಾಯಂದಿರಿಗೂ ಸಂಬಂಧಪಟ್ಟ ಒಂದನ್ನು ಈ ತಿಂಗಳು ಅರಿಕೆಮಾಡುತ್ತೇನೆ.

ಸಂತಾನನಿಯಮನದ ಮಾತನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಕೇಳಿಯಾರು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರದವರು ತಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದ್ದರು. ಆಗ ನಮ್ಮ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಪ್ರಾಂತದಲ್ಲಿದ್ದುವು. ಸಂಡೂರು ತಾನೇ ಒಂದು ಸಂಸ್ಥಾನವಾಗಿತ್ತು. ಅಂದು ದೊರೆತನವೇ ಸಂಕೋಚಪಡದ ವಿಷಯಕ್ಕೆ ಇಂದು ನಾವು ಸಂಕೋಚಪಡಬೇಕಾದುದಿಲ್ಲ.

ಗರ್ಭನಿರೋಧದ ಗುಳಿಗೆಗಳಲ್ಲಿ ಎರಡು ಜಾತಿ. ಸರ್ಕಾರದವರು ಹಂಚುವ ಮಾಲಾ-ಎನ್ ಮೊದಲಾದುವುಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿರುತ್ತವೆ. ಎರಡನೆಯ ಜಾತಿಯಲ್ಲಿ ಪ್ರೊಜೆಸ್ಟಿನ್ ಒಂದೇ ಇರುತ್ತದೆ. ಇದು ಎದೆಹಾಲನ್ನು ಕುಂದಿಸುವುದಿಲ್ಲವಾದ ಕಾರಣ ಮೊಲೆಯೂಡಿಸುವ ತಾಯಂದಿರಿಗೆ ವೈದ್ಯರು ಇದನ್ನೇ ಸೂಚಿಸುವುದುಂಟು. ಇದರಲ್ಲಿರುವ ಔಷಧದ ಪ್ರಮಾಣ ಅತ್ಯಲ್ಪ: ಡೆಸೊಜೆಸ್ಟ್ರೆಲ್ ಗುಳಿಗೆಯಲ್ಲಿ 75 ಮೈಕ್ರೋಗ್ರಾಂ ಮಾತ್ರ. ಅಲ್ಪವಾದುದರಿಂದಲೇ ಸುಖಕರ, ಅಲ್ಪವಾದುದರಿಂದಲೇ, ಯಾವುದಾದರೂ ಅದನ್ನು ಕಡಿಮೆಮಾಡಿದರೆ ಕೈಯಲ್ಲಿ ಉಳಿತಾಯವೆಂಬುದಿಲ್ಲ.

ಕಂಪ್ಲಿಯ ಗದ್ದೆಬಯಲಿನ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ತಾಯಿಗೆ ಎಂಟು ತಿಂಗಳ ಕೂಸು. ಆಕೆ ಈ ಗುಳಿಗೆಯನ್ನು ತಪ್ಪದೆ ಸೇವಿಸುತ್ತಾಳೆ, ಆದರೆ ಅತ್ತೆಗೆ ತಿಳಿಯದಂತೆ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತಾಳೆ. ಕೆಮ್ಮು ನಿಲ್ಲದೆ ಪರೀಕ್ಷೆಮಾಡಿಸಲು ಕ್ಷಯವೆಂದು ಗೊತ್ತಾಗುತ್ತದೆ. ಆ ಔಷಧವನ್ನು ನೆರೆಹೊರೆಗೆ ತಿಳಿಯದಂತೆ ಇನ್ನೊಂದು ಡಬ್ಬಿಯಲ್ಲಿ ಅಡಗಿಸುತ್ತಾರೆ. ಗುಳಿಗೆ ಕೊಟ್ಟವರಿಗೆ ಕ್ಷಯದ ಸುದ್ದಿಯಿಲ್ಲ. ಕ್ಷಯಕ್ಕೆ ಔಷಧ ಕೊಟ್ಟವರಿಗೆ ಗುಳಿಗೆಯ ಸುದ್ದಿಯಿಲ್ಲ. ಮನೆಯಲ್ಲಿ ಒಂದರ ಮುಖವನ್ನೊಂದು ಕಾಣದ ಎರಡು ಔಷಧಗಳೂ ಆಕೆಯ ಯಕೃತ್ತಿನಲ್ಲಿ ಸಂಧಿಸುತ್ತವೆ.

ಅಲ್ಲಿ ನಡೆಯುವುದೇನು? ಒಡಲಿಗೆ ಬಂದ ಔಷಧವನ್ನು ಒಡೆದು ಹೊರಹಾಕುವ ಕಿಣ್ವಗಳು ಯಕೃತ್ತಿನಲ್ಲಿವೆ. ಕ್ಷಯದ ಚಿಕಿತ್ಸೆಗೆ ಆಧಾರಸ್ತಂಭವಾದ ರಿಫಾಂಪಿಸಿನ್ ಈ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹತ್ತು ಆಳುಗಳಿದ್ದ ಕಣಕ್ಕೆ ಮೂವತ್ತು ಆಳುಗಳು ಬಂದರೆ ರಾಶಿ ಬೇಗನೆ ಕರಗುವಂತೆ, ಪ್ರೊಜೆಸ್ಟಿನ್ ತನ್ನ ಕಾರ್ಯವನ್ನು ಮಾಡುವ ಮೊದಲೇ ಕರಗಿಹೋಗುತ್ತದೆ. 1971ರಲ್ಲಿ ಜರ್ಮನಿಯ ವೈದ್ಯರು, ಗರ್ಭನಿರೋಧದ ಗುಳಿಗೆಯೊಡನೆ ರಿಫಾಂಪಿಸಿನ್ ಸೇವಿಸುತ್ತಿದ್ದ ಸ್ತ್ರೀಯರಲ್ಲಿ ಅಕಾಲ ರಕ್ತಸ್ರಾವವನ್ನು ಕಂಡು ಈ ವಿರೋಧವನ್ನು ಬಯಲಿಗೆ ತಂದರು. ಅವರು ಕಂಡದ್ದು ಮೊದಲನೆಯ ಜಾತಿಯ ಗುಳಿಗೆಯಲ್ಲಿ. ಎರಡನೆಯದಕ್ಕೂ ಅದೇ ನ್ಯಾಯ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು; ಆರಂಭದಿಂದ ಕೊನೆಯವರೆಗೂ ಅದರಲ್ಲಿ ರಿಫಾಂಪಿಸಿನ್ ಇರುತ್ತದೆ. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಿರುವುದರಿಂದ ಅದರ ಹೆಸರು ಮನೆಯವರ ಕಣ್ಣಿಗೆ ಬೀಳದಿರಬಹುದು; ಮೂತ್ರವು ಕಿತ್ತಳೆಯ ಬಣ್ಣಕ್ಕೆ ತಿರುಗುವುದೇ ಅದರ ಗುರುತು. ಸಂಡೂರಿನ ಗಣಿಗಳಂಥ ಕಡೆ ಕಲ್ಲುಧೂಳನ್ನು ಉಸಿರಾಡುವ ಪುರುಷನಿಗೆ ಕ್ಷಯದ ಭಯ ಅಧಿಕ. ಅವನಿಗೆ ರೋಗ ತಗುಲಿದಾಗ ಆರೋಗ್ಯವಂತಳಾದ ಹೆಂಡತಿಗೂ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ ಔಷಧ ಕೊಡುವ ಕ್ರಮವುಂಟು. ಅದರಲ್ಲಿರುವ ರಿಫಾಪೆಂಟೈನ್ ಸಹ ಇದೇ ಕುಲದ್ದು.

ಕ್ಷಯದ ಔಷಧವೊಂದೇ ಅಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೈನ್ ಎಂಬುವೂ ಹೀಗೆಯೇ ಮಾಡುತ್ತವೆ. ಇಲ್ಲಿ ಅಪಾಯ ಇಮ್ಮಡಿ. ಏಕೆಂದರೆ ಈ ಔಷಧಗಳಲ್ಲಿ ಕೆಲವು ಗರ್ಭಸ್ಥ ಶಿಶುವಿನ ಅಂಗರಚನೆಗೆ ಕೇಡುಮಾಡಬಲ್ಲುವು. ಎಣಿಸದೆ ಬಂದ ಗರ್ಭಕ್ಕೆ ಮುಂಚಿತವಾಗಿ ಔಷಧವನ್ನು ಬದಲಿಸುವ ಅವಕಾಶವೇ ದೊರೆಯದು. ಎಚ್.ಐ.ವಿ. ಸೋಂಕಿಗೆ ಕೊಡುವ ಎಫಾವಿರೆಂಜ್ ಕೂಡ ಇದೇ ಪಂಕ್ತಿಯದು.

ಇನ್ನು, ಮೂಲಿಕೆಯೆಂದರೆ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಂಪೆಯನ್ನು ನೋಡಬರುವ ಐರೋಪ್ಯರ ನಾಡುಗಳಲ್ಲಿ, ಮನಸ್ಸಿನ ಕುಗ್ಗಿಗೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಮೂಲಿಕೆಯುಂಟು. ಅದರ ಗುಳಿಗೆ ಈಗ ನಮ್ಮಲ್ಲಿಯೂ ದೊರೆಯುತ್ತದೆ. ಅದು ಗರ್ಭನಿರೋಧದ ಗುಳಿಗೆಯನ್ನು ನಿಷ್ಫಲಗೊಳಿಸಬಲ್ಲುದೆಂದು 2014ರಲ್ಲಿ ಬ್ರಿಟನ್ನಿನ ಔಷಧನಿಯಂತ್ರಣ ಸಂಸ್ಥೆಯವರು ಎಚ್ಚರಿಸಿದರು. ಹೆರಿಗೆಯ ಬಳಿಕ ಮನಸ್ಸು ಕುಗ್ಗಿದ ತಾಯಿ ಅದನ್ನು ತಾನಾಗಿ ಕೊಳ್ಳದೆ ವೈದ್ಯರನ್ನು ಕಾಣಬೇಕು. ಹೊಟ್ಟೆಯುಬ್ಬರಕ್ಕೆ ನುಂಗುವ ಇದ್ದಲಿನ ಗುಳಿಗೆಯೂ ಇತರ ಔಷಧವನ್ನು ಹೀರಿಕೊಳ್ಳುತ್ತದೆ.

ಹಾಗೆಂದು ಎಲ್ಲಕ್ಕೂ ಅಂಜಬೇಕಾಗಿಲ್ಲ. ಜ್ವರದ ಪ್ಯಾರಾಸಿಟಮಾಲ್, ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಅಮಾಕ್ಸಿಸಿಲಿನ್ನಿನಂಥ ಸಾಮಾನ್ಯ ಆ್ಯಂಟಿಬಯಾಟಿಕ್, ಅಡುಗೆಯ ಅರಿಸಿನ, ಇವುಗಳಿಂದ ಗುಳಿಗೆ ಕೆಡುವುದಿಲ್ಲ. ಆದರೆ ಗುಳಿಗೆ ನುಂಗಿದ 3–4 ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗತಕ್ಕದ್ದು.

ಹಾಗಾದರೆ ಆ ತಾಯಿ ಮಾಡಬೇಕಾದುದೇನು? ಮೊದಲನೆಯದಾಗಿ, ಕ್ಷಯದ ಔಷಧವನ್ನಾಗಲಿ ಅಪಸ್ಮಾರದ ಔಷಧವನ್ನಾಗಲಿ ಎಂದಿಗೂ ತಾನಾಗಿ ನಿಲ್ಲಿಸಬಾರದು. ಅವು ಪ್ರಾಣವನ್ನು ಕಾಯುವಂಥವು. ಬದಲಿಸಬೇಕಾದುದು ಗರ್ಭನಿರೋಧದ ಮಾರ್ಗವನ್ನು. ಗುಳಿಗೆಯನ್ನು ಎರಡೆರಡು ನುಂಗಿದರಾಯಿತೆಂಬುದೂ ಸಲ್ಲದು. ತಾಮ್ರದ ವಂಕಿಯಾದ ಕಾಪರ್-ಟಿಯನ್ನು ಈ ಔಷಧಗಳು ಮುಟ್ಟಲಾರವು. 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನ ಬಲವನ್ನೂ ಕುಂದಿಸವು. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತವೆ. ಅದು ಒದಗುವವರೆಗೆ ಪತಿಯು ನಿರೋಧವನ್ನು ಬಳಸತಕ್ಕದ್ದು. ಚಿಕಿತ್ಸೆ ಮುಗಿದ ದಿನವೇ ಅಪಾಯವೂ ಮುಗಿಯುವುದಿಲ್ಲ. ಹೆಚ್ಚಿದ ಕಿಣ್ವಗಳು ತಗ್ಗಲು ಇನ್ನೂ 4 ವಾರಗಳು ಬೇಕು.

ಇಷ್ಟೆಲ್ಲಕ್ಕೂ ಮೂಲವಾದುದು ಒಂದು ಮಾತು: ಬಾಯಿಬಿಟ್ಟು ಹೇಳುವುದು. ಯಾವ ಆಸ್ಪತ್ರೆಗೆ ಹೋಗುವಾಗಲೂ ಮನೆಯಲ್ಲಿ ಸೇವಿಸುವ ಗುಳಿಗೆ, ಪುಡಿ, ಲೇಹ್ಯ, ಕಷಾಯಗಳ ಹೊದಿಕೆಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ದು ವೈದ್ಯರ ಮೇಜಿನ ಮೇಲಿಡಿರಿ. ಬರಹ ಬಾರದವರಿಗೂ ಇದು ಸಾಧ್ಯ. ಆಸ್ಪತ್ರೆಯಲ್ಲಿ ಹೇಳಲು ನಾಚಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿರಿ. ಮನೆಯ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಸೊಸೆಯು ಸೀರೆಯ ಮಡಿಕೆಯಲ್ಲಿ ಔಷಧವನ್ನು ಅಡಗಿಸುವಂತೆ ಮಾಡುವುದು ನಮ್ಮ ಮುಖದ ಗಂಟು. ಅದನ್ನು ಸಡಿಲಿಸಿದರೆ, ಆಕೆಯ ಗುಳಿಗೆಯ ಹೊದಿಕೆ ಸೀರೆಯ ಮಡಿಕೆಯಿಂದ ಆ ಚೀಲಕ್ಕೆ ಬಂದೀತು.