ಕುಟುಂಬವನ್ನು ಅಗಲಿಸುವ ಕಾನೂನು ಕ್ರೈಸ್ತವಾದೀತೇ?

ಹೆರೋದನ ಕತ್ತಿಯಿಂದ ಪಾರಾಗಲು ಈಜಿಪ್ಟಿಗೆ ಪಲಾಯನಗೈದ ಪವಿತ್ರ ಕುಟುಂಬವನ್ನು ಒಮ್ಮೆ ನೆನೆಯಿರಿ. ಗಡಿಯ ಅಧಿಕಾರಿಯೊಬ್ಬನು ಜೋಸೆಫರನ್ನು ಮಾತ್ರ ಒಳಗೆ ಬಿಟ್ಟುಕೊಂಡು, ತಾಯಿ ಮತ್ತು ಮಗು ಇನ್ನೆರಡು ವರ್ಷ ಅಲ್ಲಿಯೇ ಇರಲಿ ಎಂದಿದ್ದರೆ, ಅದನ್ನು ಆಶ್ರಯವೆಂದು ಕರೆಯಲು ನಮಗೆ ಮನಸ್ಸು ಬರುತ್ತಿತ್ತೇ? 2025ರಲ್ಲಿ ಜರ್ಮನಿ ಮಾಡಿದ ಕಾನೂನು ಹೆಚ್ಚುಕಡಿಮೆ ಇಂಥದ್ದೇ.

ಆ ದೇಶದಲ್ಲಿ ನಿರಾಶ್ರಿತರಿಗೆ ದೊರೆಯುವ ರಕ್ಷಣೆಯಲ್ಲಿ ಭೇದಗಳಿವೆ. ಧರ್ಮ, ಜನಾಂಗ, ರಾಜಕೀಯ ನಿಲುವುಗಳ ಕಾರಣದಿಂದ ಹಿಂಸೆಗೆ ಗುರಿಯಾದವರಿಗೆ ಒಂದು ಬಗೆ. ಯುದ್ಧ, ಚಿತ್ರಹಿಂಸೆ, ಮರಣದಂಡನೆಗಳ ಅಪಾಯದಿಂದ ಓಡಿಬಂದವರಿಗೆ 'ಪೂರಕ ರಕ್ಷಣೆ' ಎಂಬ ಇನ್ನೊಂದು ಬಗೆ. ಸಿರಿಯಾದಿಂದ ಬಂದ ಬಹಳಷ್ಟು ಮಂದಿಗೆ ದೊರೆತಿರುವುದು ಈ ಎರಡನೆಯದು. 2016ರಿಂದ 2018ರವರೆಗೆ ಇಂಥವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. 2018ರ ಆಗಸ್ಟ್‌ನಿಂದ ತಿಂಗಳಿಗೆ 1,000 ಮಂದಿಯ ಮಿತಿಯಲ್ಲಿ ಬಾಗಿಲು ತುಸು ತೆರೆಯಿತು. 2025ರ ಜೂನ್ 27ರಂದು ಜರ್ಮನಿಯ ಸಂಸತ್ತು 444ಕ್ಕೆ 135 ಮತಗಳಿಂದ ಅದನ್ನೂ ಎರಡು ವರ್ಷಗಳ ಕಾಲ ತಡೆಹಿಡಿಯಿತು. ಜುಲೈ 24ರಂದು ಕಾನೂನು ಜಾರಿಗೆ ಬಂತು. ತೀರಾ ಸಂಕಟದ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅದೇ ವರ್ಷದ ಸೆಪ್ಟೆಂಬರ್ 4ರಂದು ಬ್ರಿಟನ್ ಕೂಡ ನಿರಾಶ್ರಿತರ ಕುಟುಂಬ ಪುನರ್ಮಿಲನದ ಹೊಸ ಅರ್ಜಿಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು.

ಜರ್ಮನಿಯಲ್ಲಿ ಈ ಕಾನೂನನ್ನು ಮುಂದೆ ನಿಂತು ತಂದ ಪಕ್ಷಗಳು ಯಾವುವು? ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಮತ್ತು ಕ್ರಿಶ್ಚಿಯನ್ ಸೋಶಿಯಲ್ ಯೂನಿಯನ್. ಕ್ರಿಸ್ತನ ಹೆಸರನ್ನು ಹಣೆಯ ಮೇಲೆ ಬರೆದುಕೊಂಡವರನ್ನು ಕ್ರಿಸ್ತನ ಬೋಧನೆಯಿಂದಲೇ ಅಳೆಯಬೇಕಲ್ಲವೇ?

ಅವರ ವಾದವನ್ನು ನಾವು ತಾಳ್ಮೆಯಿಂದ ಕೇಳೋಣ. ವಸತಿಯಿಲ್ಲ, ಶಾಲೆಗಳು ತುಂಬಿವೆ, ನಗರಸಭೆಗಳು ಬಳಲಿವೆ ಎನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ವಲಸೆಗೆ ನಿಯಮಗಳನ್ನು ವಿಧಿಸುವ ಹಕ್ಕು ರಾಜ್ಯಕ್ಕಿದೆಯೆಂದು ಧರ್ಮಸಭೆಯೂ ಒಪ್ಪುತ್ತದೆ. ಆದರೆ ಸಿರಿವಂತ ದೇಶಗಳು ಶಕ್ತ್ಯನುಸಾರ ಪರದೇಶಿಯನ್ನು ಸ್ವಾಗತಿಸಲೇಬೇಕೆಂದೂ ಅದು ಬೋಧಿಸುತ್ತದೆ. ಎಂಟು ಕೋಟಿಗೂ ಮಿಕ್ಕಿ ಜನರಿರುವ ನಾಡಿಗೆ ವರ್ಷಕ್ಕೆ ಹೆಚ್ಚೆಂದರೆ 12,000 ಮಂದಿ, ಅದೂ ಮುಖ್ಯವಾಗಿ ಹೆಂಡಿರು ಮಕ್ಕಳು, ಹೊರಲಾರದ ಹೊರೆಯೇ?

ಮಾನವ ಸಾಗಣೆದಾರರ ದಂಧೆಯನ್ನು ಮುರಿಯಬೇಕು ಎಂಬುದು ಇನ್ನೊಂದು ವಾದ. ಮುರಿಯಲೇಬೇಕು. ಆದರೆ ಕುಟುಂಬ ಪುನರ್ಮಿಲನವೆಂದರೆ ದಾಖಲೆ ತೋರಿಸಿ, ರಾಯಭಾರ ಕಚೇರಿಯಲ್ಲಿ ವೀಸಾ ಪಡೆದು, ವಿಮಾನದಲ್ಲಿ ಬರುವ ದಾರಿ. ರಾಜಮಾರ್ಗವನ್ನು ಮುಚ್ಚಿದವರು ಕಳ್ಳದಾರಿಯನ್ನು ದೂರುವುದು ಎಲ್ಲಿಯ ನ್ಯಾಯ?

2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಆಳ್ವಿಕೆ ಕುಸಿಯಿತು, ಕುಟುಂಬ ಬೇಕಾದವರು ಸಿರಿಯಾಕ್ಕೇ ಹಿಂದಿರುಗಲಿ ಎನ್ನುವವರೂ ಇದ್ದಾರೆ. ಆ ದೇಶ ನಿಜಕ್ಕೂ ಸುರಕ್ಷಿತವಾಗಿದ್ದರೆ, ಕೊಟ್ಟ ರಕ್ಷಣೆಯನ್ನೇ ಮರುಪರಿಶೀಲಿಸಲು ಕಾನೂನಿನಲ್ಲಿ ದಾರಿಯಿದೆ. ಅದನ್ನು ಮಾಡದೆ, ಹಿಂದಿರುಗಿದರೆ ನಿನಗೆ ಅಪಾಯವೆಂದು ತಂದೆಗೆ ಹೇಳುತ್ತಾ, ಅದೇ ಅಪಾಯದ ನಡುವೆ ಅವನ ಮಕ್ಕಳನ್ನು ಕಾಯಲು ಬಿಡುವುದು ಯಾವ ತರ್ಕ?

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರೂ ಕುಟುಂಬವನ್ನು ಅಗಲಿ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಆ ಅಗಲಿಕೆಯ ನೋವು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅವರು ರಜೆಗೆ ಬರುತ್ತಾರೆ. ಮಗುವಿನ ಜ್ಞಾನಸ್ನಾನಕ್ಕೆ, ತಾಯಿಯ ಅಂತ್ಯಕ್ರಿಯೆಗೆ ಬರಬಲ್ಲರು. ನಿರಾಶ್ರಿತನಿಗೆ ಮರಳುವ ಮನೆಯೇ ಇಲ್ಲ. ಆತನ ಪಾಲಿಗೆ ಕುಟುಂಬ ಇತ್ತ ಬರಬೇಕು, ಇಲ್ಲವೇ ಇಲ್ಲವಾಗಬೇಕು.

1952ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ವಲಸಿಗರ ಕುರಿತು ಹೊರಡಿಸಿದ ಪ್ರೇಷಿತ ಸಂವಿಧಾನದಲ್ಲಿ, ನಜರೇತಿನ ಕುಟುಂಬವೇ ಸಕಲ ನಿರಾಶ್ರಿತ ಕುಟುಂಬಗಳಿಗೆ ಮೂಲ ಮಾದರಿಯೆಂದು ಸಾರಿದರು. ಜರ್ಮನಿಯ ಸಂವಿಧಾನದ ಆರನೆಯ ವಿಧಿಯೂ ವಿವಾಹ ಮತ್ತು ಕುಟುಂಬವನ್ನು ರಾಜ್ಯದ ವಿಶೇಷ ರಕ್ಷಣೆಯಲ್ಲಿರಿಸಿದೆ. ಆ ನಾಡಿನ ಕಥೋಲಿಕ ಹಾಗೂ ಪ್ರಾಟೆಸ್ಟೆಂಟ್ ಧರ್ಮಸಭೆಗಳು ಈ ಕಾನೂನನ್ನು ಬಹಿರಂಗವಾಗಿಯೇ ಟೀಕಿಸಿದವು. ಅವರ ಧೈರ್ಯ ಮೆಚ್ಚತಕ್ಕದ್ದು.

ದೂರದೇಶದ ರಾಜಕೀಯ ನಮಗೇಕೆ ಎಂದು ಕೈತೊಳೆದುಕೊಳ್ಳಬೇಡಿ. 1958ರಲ್ಲಿ ಜರ್ಮನಿಯ ಧರ್ಮಾಧ್ಯಕ್ಷರು ಸ್ಥಾಪಿಸಿದ ಮಿಸೆರಿಯೋರ್ ಸಂಸ್ಥೆಯ ನೆರವು ಭಾರತದ ಬಡವರಿಗೂ ತಲುಪಿದೆ. ನಮ್ಮ ದೇಶದ ಗುರುಗಳೂ ಕನ್ಯಾಸ್ತ್ರೀಯರೂ ಇಂದು ಅಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಋಣವಿದ್ದಲ್ಲಿ ಸತ್ಯ ನುಡಿಯುವ ಕರ್ತವ್ಯವೂ ಇದೆ. ಅಲ್ಲಿರುವ ನಿಮ್ಮ ಬಂಧುಗಳಿಗೆ ಈ ಮಾತನ್ನು ತಿಳಿಸಿರಿ. ತಮ್ಮ ಧರ್ಮಕೇಂದ್ರಗಳಲ್ಲಿ ಅವರು ದನಿಯೆತ್ತಲಿ. ದೇವರು ಕೂಡಿಸಿದವರನ್ನು ಅಗಲಿಸುವ ಅಧಿಕಾರ ಮನುಷ್ಯನಿಗಿಲ್ಲವೆಂದು ಪ್ರತಿ ವಿವಾಹದಲ್ಲೂ ಬೋಧಿಸುವ ನಾವು, ಆ ಅಧಿಕಾರವನ್ನು ಯಾವ ಸಂಸತ್ತಿಗೂ ಬಿಟ್ಟುಕೊಡಲಾಗದು.