ವೃದ್ಧರ ಶುಶ್ರೂಷೆ: ಸೇವೆಯೋ ವಿಜ್ಞಾನವೋ?

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಗಳನ್ನು ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕೇಳಿದರೆ ವೈದ್ಯರಾಗುವೆವೆಂದು ಕೆಲವರೂ ಎಂಜಿನಿಯರರಾಗುವೆವೆಂದು ಹಲವರೂ ಹೇಳುತ್ತಾರೆ. ದಾದಿಯಾಗುವೆನೆನ್ನುವವರು ವಿರಳ, ಹೇಳಿದರೂ ದನಿ ತಗ್ಗಿರುತ್ತದೆ. ಶುಶ್ರೂಷೆಯೆಂದರೆ ಕರುಣೆ, ತಾಳ್ಮೆ, ಸೇವೆ. ಅದರಲ್ಲಿ ವಿಜ್ಞಾನಕ್ಕೆ ಏನು ಕೆಲಸ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೊಗಳುವ ನೆಪದಲ್ಲಿ ಹಿಂದೆ ತಳ್ಳುವ ಈ ಭಾವನೆ ತಪ್ಪೆಂದು ನಾವು ತಿಳಿಯುತ್ತೇವೆ. ಅದರಲ್ಲಿಯೂ ವೃದ್ಧರ ಶುಶ್ರೂಷೆಯು, ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಮೊದಲ ಪಾಠದ ಮೇಲೆಯೇ ನಿಂತಿದೆ.

ಆ ಪಾಠ ಯಾವುದು? ತಂತಿಯ ದಪ್ಪವನ್ನು ಅಳೆಯಲು ಸ್ಕ್ರೂಗೇಜನ್ನು ಕೈಗೆ ಕೊಟ್ಟಾಗ ವಿದ್ಯಾರ್ಥಿಯು ಮೊದಲು ಮಾಡಬೇಕಾದದ್ದು ತಂತಿಯನ್ನು ಇಡುವುದಲ್ಲ. ಏನನ್ನೂ ಇಡದೆ ಎರಡು ಮುಖಗಳನ್ನು ಕೂಡಿಸಿ, ಅದು ಸೊನ್ನೆಯನ್ನು ತೋರಿಸುತ್ತದೆಯೋ ಇಲ್ಲವೋ ಎಂದು ನೋಡುವುದು. ಪ್ರತಿಯೊಂದು ಗೇಜಿಗೂ ತನ್ನದೇ ಆದ ಶೂನ್ಯದೋಷ ಇರಬಹುದು. ಪಕ್ಕದ ಮೇಜಿನವನ ಗೇಜಿನ ದೋಷವನ್ನು ತನ್ನ ಲೆಕ್ಕಕ್ಕೆ ಹಚ್ಚಿದ ಹುಡುಗನಿಗೆ ಅಂಕ ದೊರೆಯುವುದಿಲ್ಲ. ತರಗತಿಯ ನಲವತ್ತು ಗೇಜುಗಳ ಸರಾಸರಿ ದೋಷವನ್ನು ಹಚ್ಚಿದರೂ ದೊರೆಯುವುದಿಲ್ಲ.

ಮನುಷ್ಯನ ದೇಹದ ಉಷ್ಣತೆಯನ್ನು ತೆಗೆದುಕೊಳ್ಳೋಣ. ವೃದ್ಧರಲ್ಲಿ ಅನೇಕರ ಸಹಜ ಉಷ್ಣತೆ ತರುಣರದಕ್ಕಿಂತ ಕಡಿಮೆ ಇರುತ್ತದೆ. ತರುಣನಿಗೆ ಸಹಜವಾದ ಅಂಕಿಯನ್ನು ಉಷ್ಣಮಾಪಕವು ತೋರಿಸುತ್ತಿರುವಾಗಲೇ ಮುದುಕಿಯೊಬ್ಬಳ ಶ್ವಾಸಕೋಶದಲ್ಲಿ ಸೋಂಕು ಬೆಳೆದಿರಬಹುದು. ಆದುದರಿಂದ ಅಮೆರಿಕದ ಸಾಂಕ್ರಾಮಿಕ ರೋಗತಜ್ಞರ ಸಂಘವು ಆರೈಕೆಯ ಮನೆಗಳ ವೃದ್ಧರಿಗಾಗಿ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಜ್ವರಕ್ಕೆ ಒಂದೇ ಅಂಕಿಯನ್ನು ಹೇಳಿಲ್ಲ. ಒಮ್ಮೆ 37.8 ಡಿಗ್ರಿ ಸೆಲ್ಸಿಯಸ್ ಮೀರಿದರೂ ಜ್ವರವೇ. ವ್ಯಕ್ತಿಯ ಎಂದಿನ ಉಷ್ಣತೆಗಿಂತ 1.1 ಡಿಗ್ರಿ ಹೆಚ್ಚಾದರೂ ಜ್ವರವೇ. ಈ ಎರಡನೆಯ ನಿಯಮವನ್ನು ಪಾಲಿಸಬೇಕಾದರೆ ಆಕೆಯ ಎಂದಿನ ಉಷ್ಣತೆ ಎಷ್ಟೆಂಬುದು ಯಾರಿಗಾದರೂ ಗೊತ್ತಿರಬೇಕಷ್ಟೆ. ವಾರಕ್ಕೊಮ್ಮೆ ಬಂದುಹೋಗುವ ವೈದ್ಯನಿಗೆ ಅದು ತಿಳಿಯದು. ದಿನವೂ ಅಳೆದು ಬರೆದಿಟ್ಟ ದಾದಿಗೆ ತಿಳಿದಿರುತ್ತದೆ. ಅಂದರೆ ಶೂನ್ಯಬಿಂದುವನ್ನು ಕಾಯುವವಳು ಅವಳು.

ಉಷ್ಣತೆಗಾದರೆ ಉಪಕರಣವಿದೆ. ಊಟ, ನಿದ್ರೆ, ಮಾತು, ನೆನಪು ಇವುಗಳ ಶೂನ್ಯಬಿಂದುವನ್ನು ಅರಿಯುವುದು ಹೇಗೆ? ನಮ್ಮ ಸೀಮೆಯದೇ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಬಾದಾಮಿಯ ಗುಡ್ಡಗಳ ಆಚೆ ಮಹಾಕೂಟವಿದೆ. ಅಲ್ಲಿಯ ವಿಷ್ಣು ಪುಷ್ಕರಿಣಿಗೆ ನೆಲದ ಒಸರಿನಿಂದ ನೀರು ಬರುತ್ತದೆ. ಚಾಲುಕ್ಯರ ಕಾಲದ ಗುಡಿಗಳ ನಡುವಿನ ಆ ಹೊಂಡದಲ್ಲಿ ಇಂದಿಗೂ ಜನ ಮೀಯುತ್ತಾರೆ. ಪಕ್ಕದ ನಂದಿಕೇಶ್ವರ ಗ್ರಾಮದ ಅಜ್ಜಿಯೊಬ್ಬಳು ಸೊಂಟದ ಎಲುಬು ಮುರಿದುಕೊಂಡು ಪಟ್ಟಣದ ಆಸ್ಪತ್ರೆಗೆ ಬಂದಿದ್ದಾಳೆಂದು ಇಟ್ಟುಕೊಳ್ಳಿ. ಮೈಗೆ ನೀರು ಬೀಳದೆ ಬಾಯಿಗೆ ಏನನ್ನೂ ಹಾಕಿಕೊಳ್ಳದಿರುವುದು ಆಕೆ ಎಪ್ಪತ್ತು ವರ್ಷ ನಡೆಸಿಕೊಂಡು ಬಂದ ನೇಮ. ಆಸ್ಪತ್ರೆಯಲ್ಲಿ ಏಳು ಗಂಟೆಗೆ ಹಾಲು ಬ್ರೆಡ್ಡು ಬರುತ್ತದೆ. ಮೈ ಒರೆಸುವ ಸರದಿ ಬರುವಾಗ ಹತ್ತಾಗಿರುತ್ತದೆ. ಆಕೆ ತಟ್ಟೆಯನ್ನು ಸರಿಸುತ್ತಾಳೆ. ರೋಗಿಯ ಹಾಳೆಯಲ್ಲಿ ‘ಆಹಾರ ನಿರಾಕರಣೆ’ ಎಂದು ದಾಖಲಾಗುತ್ತದೆ. ಮೂರನೆಯ ದಿನ ನಿತ್ರಾಣ, ಕೈಗೆ ಸೂಜಿ. ನಾಲ್ಕನೆಯ ದಿನ ಸೂಜಿಯನ್ನು ಕಿತ್ತುಕೊಂಡಳೆಂದು ಕೈಗಳಿಗೆ ಕಟ್ಟು. ಇದರಲ್ಲಿ ಯಾರದೂ ಕ್ರೌರ್ಯವಿಲ್ಲ. “ಯವ್ವಾ, ಯಾಕ ಉಣವಲ್ಲಿರಿ?” ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಅಷ್ಟೆ. ಕೇಳಿದ್ದರೆ ಒಂದು ತಂಬಿಗೆ ಬಿಸಿನೀರು, ಒಂದು ಪಂಚೆ, ಆಮೇಲೆ ಜೋಳದ ನುಚ್ಚು ಮಜ್ಜಿಗೆ ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು.

ಇನ್ನು ಆಕೆಗೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂಬ ಪರೀಕ್ಷೆ. 1975ರಿಂದ ಜಗತ್ತಿನಲ್ಲೆಲ್ಲ ಬಳಕೆಗೆ ಬಂದ ಪರೀಕ್ಷೆಯೊಂದರಲ್ಲಿ ಇಂದಿನ ತಾರೀಖನ್ನು ಕೇಳುತ್ತಾರೆ, ನೂರರಿಂದ ಏಳೇಳನ್ನು ಕಳೆಯಲು ಹೇಳುತ್ತಾರೆ, ಪಂಚಕೋನಗಳನ್ನು ಬರೆಸುತ್ತಾರೆ. ಅಕ್ಷರ ಕಲಿಯದವಳ ಮುಂದೆ ಪಂಚಕೋನವೇ! ಈ ದೋಷವನ್ನು ಕಂಡ ಸಂಶೋಧಕರು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ, ಶಾಲೆಗೆ ಹೋಗದ ಮುದುಕರಿಗೆ ಹೊಂದುವಂತೆ ಅದನ್ನು ಮಾರ್ಪಡಿಸಿ 1995ರಲ್ಲಿ ಹಿಂದಿಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ನಮ್ಮ ಅಜ್ಜಿಗೆ ತಾರೀಖು ತಿಳಿಯದಿರಬಹುದು. ಬನಶಂಕರಿಯ ಜಾತ್ರೆ ಕಳೆದು ಎಷ್ಟು ಅಮವಾಸ್ಯೆಗಳಾದವೆಂದು ಕೇಳಿದರೆ ತಡವರಿಸದೆ ಹೇಳಿಯಾಳು. ಕಾಲದ ಅರಿವು ಆಕೆಗಿದೆ. ಪ್ರಶ್ನೆ ಕೇಳಿದವರ ಪಂಚಾಂಗ ಬೇರೆ.

ಕಿವಿಯ ವಿಚಾರ ನಮ್ಮ ಶಾಸ್ತ್ರಕ್ಕೇ ಸೇರಿದ್ದು. ವಯಸ್ಸಾದಂತೆ ಮೊದಲು ಕುಗ್ಗುವುದು ಹೆಚ್ಚು ಕಂಪನಸಂಖ್ಯೆಯ ಶಬ್ದಗಳನ್ನು ಕೇಳುವ ಶಕ್ತಿ. ಮಾತಿನಲ್ಲಿ ಸ್ವರಗಳ ಬಲ ಕಡಿಮೆ ಕಂಪನಸಂಖ್ಯೆಯಲ್ಲಿದೆ. ಸಕಾರ, ಶಕಾರ, ಕಕಾರ, ತಕಾರಗಳ ಗುರುತು ಮೇಲಿನ ಕಂಪನಸಂಖ್ಯೆಗಳಲ್ಲಿದೆ. ಹೀಗಾಗಿ ಅಜ್ಜಿಗೆ ಶಬ್ದ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. “ಕಾಲು ಹೇಗಿದೆ?” ಎಂದರೆ “ಹಾಲು ಬೇಡ” ಎನ್ನುತ್ತಾಳೆ, ಕೇಳಿದವರು ಅರಳುಮರಳೆಂದು ನಗುತ್ತಾರೆ. ಕಿರುಚಿದರೆ ಸ್ವರಗಳು ಇನ್ನಷ್ಟು ದೊಡ್ಡದಾಗಿ ವ್ಯಂಜನಗಳನ್ನು ಮುಚ್ಚಿಬಿಡುತ್ತವೆ. ಎದುರಿಗೆ, ಬೆಳಕಿನಲ್ಲಿ ನಿಂತು ತುಟಿ ಕಾಣುವಂತೆ ನಿಧಾನವಾಗಿ ಮಾತನಾಡಬೇಕು. ಬೆಳಕಿನ ಮಾತನ್ನೂ ಹೇಳಿಬಿಡೋಣ: ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ಇಪ್ಪತ್ತರ ಕಣ್ಣಿಗೆ ದೊರೆಯುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲುಪುತ್ತದೆ. ಆಸ್ಪತ್ರೆಯ ಮಂದ ದೀಪದಲ್ಲಿ ಆಕೆ ಕಂಬಕ್ಕೆ ಕೈಮುಗಿದರೆ ಬೆರಗಾಗಬೇಕಾಗಿಲ್ಲ.

ಈ ಬಗೆಯ ವಿಷಯಗಳನ್ನು ದಾದಿಯರು ತಾವೇ ಸಂಶೋಧಿಸಬಲ್ಲರೇ? ಬಲ್ಲರು, ಸಂಶೋಧಿಸಿದ್ದಾರೆ. ಫ್ಲಾರೆನ್ಸ್ ನೈಟಿಂಗೇಲಳ ದೀಪವನ್ನು ಎಲ್ಲರೂ ಬಲ್ಲರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಚುನಾಯಿಸಿಕೊಂಡ ಮೊದಲ ಮಹಿಳೆ ಆಕೆಯೆಂಬುದನ್ನು ಬಲ್ಲವರು ಕಡಿಮೆ. ನಮಗೆ ಇನ್ನೂ ಮೆಚ್ಚಿಗೆಯಾದುದು ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯ ಕೆಲಸ. ಹಾಸಿಗೆ ಹಿಡಿದ ವೃದ್ಧರಿಗೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಇದರ ಮೂಲ ಒತ್ತಡ. 1930ರಲ್ಲಿ ಲ್ಯಾಂಡಿಸ್ ಎಂಬಾತ ಬೆರಳಿನ ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳಲ್ಲಿ ಅಳೆದ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು, ಅಂದರೆ 43 ಸೆಂಟಿಮೀಟರ್ ಎತ್ತರದ ನೀರಿನಷ್ಟು. ಮಲಗಿದವರ ತೂಕದಲ್ಲಿ 20 ಕಿಲೋಗ್ರಾಂ ಪಾಲು ಸೊಂಟದ ಕೆಳಗಿನ 200 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಒತ್ತಡವೆಷ್ಟೆಂದು ವಿದ್ಯಾರ್ಥಿ ಮಿತ್ರರು ಲೆಕ್ಕ ಹಾಕಲಿ. 74 ಮಿಲಿಮೀಟರಿನ ಆಸುಪಾಸು ಬರುತ್ತದೆ. ರಕ್ತನಾಳಗಳು ಅಪ್ಪಚ್ಚಿಯಾಗಿ ಚರ್ಮಕ್ಕೆ ರಕ್ತ ನಿಲ್ಲುವುದು ಹೀಗೆ. ಹಿಂದೆ ಇದಕ್ಕೆ ಬಗೆಬಗೆಯ ಲೇಪಗಳನ್ನು ತಿಕ್ಕುತ್ತಿದ್ದರು. ನಾರ್ಟನ್ ಮತ್ತು ಆಕೆಯ ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಲೇಪಕ್ಕಿಂತ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದೇ ಗುಣಕಾರಿಯೆಂದು ತೋರಿಸಿದರು. ಅದಕ್ಕಿಂತ ದೊಡ್ಡದು, ಅಪಾಯ ಯಾರಿಗೆ ಹೆಚ್ಚೆಂದು ಮೊದಲೇ ಗುರುತಿಸುವ ಅಂಕಪಟ್ಟಿ. ದೇಹಸ್ಥಿತಿ, ಮನಃಸ್ಥಿತಿ, ನಡೆದಾಟ, ಹೊರಳುವ ಶಕ್ತಿ, ಮಲಮೂತ್ರಗಳ ಹಿಡಿತ ಎಂಬ ಐದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಮೊತ್ತ 14 ಅಥವಾ ಕಡಿಮೆಯಾದರೆ ಎಚ್ಚರಿಕೆ. ಒಂದೇ ಹಾಸಿಗೆ, ಒಂದೇ ಒತ್ತಡ, ಆದರೆ ಒಬ್ಬಳಿಗೆ ಹುಣ್ಣು, ಮತ್ತೊಬ್ಬಳಿಗಿಲ್ಲ. ಆ ವ್ಯತ್ಯಾಸವನ್ನು ಅಂಕಿಗೆ ತಂದಾಕೆ ದಾದಿ.

ಇಂದು ‘ವ್ಯಕ್ತಿಕೇಂದ್ರಿತ ಶುಶ್ರೂಷೆ’ ಎಂಬ ಮಾತು ಬಳಕೆಯಲ್ಲಿದೆ. ಮರೆವಿನ ಕಾಯಿಲೆಯವರ ಬಗೆಗೆ ಈ ಮಾತಿಗೆ ಬಲ ಕೊಟ್ಟವರಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಟಾಮ್ ಕಿಟ್‌ವುಡ್ ಪ್ರಮುಖರು. ರೋಗಿಯ ಕುಸಿತವೆಲ್ಲ ಮೆದುಳಿನ ಹಾನಿಯಿಂದಲೇ ಆದದ್ದಲ್ಲ, ಸುತ್ತಲಿನವರು ಅವರನ್ನು ನಡೆಸಿಕೊಂಡ ರೀತಿಯಿಂದಲೂ ಆಗುತ್ತದೆಂಬುದು 1997ರ ಅವರ ಗ್ರಂಥದ ತಿರುಳು. ಚೆನ್ನಾದ ಮಾತು, ಆದರೆ ಚೆನ್ನಾಗಿದೆಯೆಂಬುದು ಪುರಾವೆಯಲ್ಲ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಶುಶ್ರೂಷಾ ಪ್ರಾಧ್ಯಾಪಕಿ ಲಿನ್ ಚೆನೊವೆತ್ ಮತ್ತು ಸಂಗಡಿಗರು 15 ಆರೈಕೆಯ ನೆಲೆಗಳ 289 ನಿವಾಸಿಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಕ್ತಿಯನ್ನು ಅರಿತು ನಡೆಸಿದ ಕಡೆ ನಿವಾಸಿಗಳ ಉದ್ವೇಗ ತಗ್ಗಿತ್ತು. ಆದರೆ ಆ ಗುಂಪಿನಲ್ಲಿ ಬೀಳುವಿಕೆ ಹೆಚ್ಚಾಗಿತ್ತು. ಒಪ್ಪದ ಫಲಿತಾಂಶವನ್ನೂ ಬಚ್ಚಿಡದೆ ಅಚ್ಚು ಹಾಕಿಸಿದ್ದಾರೆಂಬುದರಿಂದಲೇ ಒಪ್ಪಿದ ಫಲಿತಾಂಶದಲ್ಲಿ ನಮಗೆ ನಂಬಿಕೆ ಹುಟ್ಟುತ್ತದೆ. ಅಮೆರಿಕದ ಯೇಲ್‌ನಲ್ಲಿ, ಆಸ್ಪತ್ರೆ ಸೇರಿದ 70 ದಾಟಿದ 852 ಮಂದಿಯ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವಂತೂ ಸರಳತೆಗೆ ಮಾದರಿ. ಕನ್ನಡಕವನ್ನು ಕೈಗೆ ಕೊಡುವುದು, ಕಿವಿಯ ಯಂತ್ರ ಹಾಕುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಸದ್ದು ತಗ್ಗಿಸಿ ಬಿಸಿ ಪಾನೀಯ ಕೊಡುವುದು ಇಂಥವೇ ಚಿಕಿತ್ಸೆ. ಹಠಾತ್ತನೆ ಬರುವ ಬುದ್ಧಿಭ್ರಮೆ ಎಂದಿನ ಆರೈಕೆಯವರಲ್ಲಿ ಶೇಕಡಾ 15ರಷ್ಟು ಮಂದಿಗೆ ಬಂದರೆ, ಇವರಲ್ಲಿ ಶೇಕಡಾ 9.9ರಷ್ಟು ಮಂದಿಗೆ ಮಾತ್ರ ಬಂದಿತು.

ಈ ಬುದ್ಧಿಭ್ರಮೆಯ ಲಕ್ಷಣವೇ ‘ಎಂದಿನಂತಿಲ್ಲದಿರುವುದು’. ಇಳಕಲ್ಲಿನ ಮುದಿ ನೇಕಾರನೊಬ್ಬ ರಾತ್ರಿಯೆಲ್ಲ ಹೊದಿಕೆಯ ಅಂಚನ್ನು ಬೆರಳಿನಿಂದ ಎಳೆಯುತ್ತಿದ್ದಾನೆ. ಐವತ್ತು ವರ್ಷ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದ ಬೆರಳುಗಳವು. ಹಳೆಯ ಅಭ್ಯಾಸವಾದರೆ ಕೈಗೊಂದು ನೂಲಿನ ಲಡಿ ಕೊಟ್ಟರಾಯಿತು. ನಿನ್ನೆಯಿಂದ ಆರಂಭವಾದದ್ದಾದರೆ ಅದೇ ಚೇಷ್ಟೆ ಸೋಂಕಿನ ಮುನ್ಸೂಚನೆಯಾಗಿರಬಹುದು. ತಡಮಾಡಿದರೆ ಪ್ರಾಣಕ್ಕೆ ಅಪಾಯ. ಎರಡರ ಭೇದವನ್ನು ಯಾವ ಯಂತ್ರವೂ ಹೇಳಲಾರದು.

ನಮ್ಮಲ್ಲಿಯ ಸ್ಥಿತಿಯೇನು? 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮಿಕ್ಕು. ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿ ಮರೆವಿನ ಕಾಯಿಲೆಯವರೆಂದೂ ಅವರ ಸಂಖ್ಯೆ ಸುಮಾರು 88 ಲಕ್ಷವೆಂದೂ 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಬಾದಾಮಿ, ಹುನಗುಂದ ತಾಲ್ಲೂಕುಗಳಿಂದ ದುಡಿಮೆಗಾಗಿ ಮಕ್ಕಳು ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ಹೋಗುತ್ತಾರೆ; ಹಳ್ಳಿಯಲ್ಲಿ ಮುದುಕರು ಉಳಿಯುತ್ತಾರೆ. ಆಸ್ಪತ್ರೆಗೆ ಬಂದಾಗ ಅವರ ‘ಎಂದಿನ’ ಸ್ಥಿತಿಯನ್ನು ಹೇಳಬಲ್ಲವರು ಜೊತೆಯಲ್ಲಿರುವುದಿಲ್ಲ.

ಬಿ.ಎಸ್‌ಸಿ. ನರ್ಸಿಂಗ್ ಪಠ್ಯದಲ್ಲಿ ವೃದ್ಧರ ಶುಶ್ರೂಷೆಯು ವಯಸ್ಕರ ಶುಶ್ರೂಷೆಯ ಒಂದು ಭಾಗವಾಗಿ ಸೇರಿದೆ. ಅದು ಸಾಲದೆಂಬುದು ನಮ್ಮ ಮತ. ಸಂಶೋಧನೆಯ ವಿಷಯದಲ್ಲಿ ನಮ್ಮ ಅಸಮಾಧಾನ ಇನ್ನೂ ಹೆಚ್ಚು. ರಾಜ್ಯದ ಸ್ನಾತಕೋತ್ತರ ಶುಶ್ರೂಷಾ ಪ್ರಬಂಧಗಳ ಶೀರ್ಷಿಕೆಗಳನ್ನು ಓದುತ್ತ ಹೋದರೆ ಒಂದೇ ಅಚ್ಚು ಮರಳಿ ಮರಳಿ ಕಾಣುತ್ತದೆ: ಇಂಥ ವಿಷಯದಲ್ಲಿ ಇಂಥವರ ತಿಳಿವಳಿಕೆಯ ಮೇಲೆ ಬೋಧನಾ ಕಾರ್ಯಕ್ರಮದ ಪರಿಣಾಮ. ಮೊದಲು ಪ್ರಶ್ನಾವಳಿ, ಆಮೇಲೆ ಪಾಠ, ಮತ್ತೆ ಅದೇ ಪ್ರಶ್ನಾವಳಿ. ಅಂಕ ಏರುತ್ತದೆ, ಏರದೇನು ಮಾಡೀತು? ಪಾಠ ಕೇಳಿದ ದಾದಿಗೆ ಅಂಕ ಹೆಚ್ಚಿದರೆ ಮಂಚದ ಮೇಲಿನ ಅಜ್ಜಿಗೆ ಏನಾಯಿತೆಂಬುದು ತಿಳಿಯಬೇಡವೇ?

ಇಷ್ಟೊಂದು ವಿಚಾರಿಸಲು ಸಮಯವೆಲ್ಲಿದೆ, ವಾರ್ಡು ತುಂಬ ರೋಗಿಗಳು, ದಾದಿಯರು ಬೆರಳೆಣಿಕೆಯಷ್ಟು ಎಂದು ಆಕ್ಷೇಪಿಸುವರುಂಟು. ಆಕ್ಷೇಪ ನ್ಯಾಯವಾದುದೇ. ದಾದಿಯರ ಸಂಖ್ಯೆ ಹೆಚ್ಚಬೇಕು, ಸಂಬಳ ಹೆಚ್ಚಬೇಕು. ವ್ಯಕ್ತಿಕೇಂದ್ರಿತವೆಂಬ ಹೆಸರಿಟ್ಟು ಇದ್ದವರ ಮೇಲೆಯೇ ಹೊರೆ ಹೇರುವುದು ಮೋಸ. ಆದರೆ ಸೇರಿಸಿಕೊಂಡ ದಿನ ನಾಲ್ಕು ಪ್ರಶ್ನೆಗಳಿಗೆ ಹಿಡಿಯುವುದು ಐದಾರು ನಿಮಿಷ. ಕಿತ್ತ ಸೂಜಿಯನ್ನು ಮತ್ತೆ ಮತ್ತೆ ಚುಚ್ಚುವ ಹೊತ್ತಿನ ಲೆಕ್ಕವನ್ನೂ ಯಾರಾದರೂ ಇಡಲಿ.

ಅದನ್ನು ಇಡಬಲ್ಲವರು ಹತ್ತಿರದಲ್ಲಿಯೇ ಇದ್ದಾರೆ. ಬಾಗಲಕೋಟೆಯ ನವನಗರದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಸಜ್ಜಲಶ್ರೀ ಶುಶ್ರೂಷಾ ವಿಜ್ಞಾನ ಸಂಸ್ಥೆಯೂ ಇದೆ. ಇಲ್ಲಿಯ ತರುಣ ಸಂಶೋಧಕಿಯೊಬ್ಬಳು ಈ ಪ್ರಯೋಗವನ್ನು ಕೈಗೊಳ್ಳಬಾರದೇಕೆ? ಎರಡು ವಾರ್ಡುಗಳು, ಅರವತ್ತೈದು ದಾಟಿದ ರೋಗಿಗಳು. ಒಂದರಲ್ಲಿ ಎಂದಿನ ವ್ಯವಸ್ಥೆ. ಇನ್ನೊಂದರಲ್ಲಿ ಮೊದಲ ದಿನವೇ ಏನು ಉಣ್ಣುವಿರಿ, ಯಾವಾಗ ಮೀಯುವಿರಿ, ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ, ಮಂಚದ ತಲೆದೆಸೆಯಲ್ಲಿ ಬರೆದು ತೂಗುಹಾಕಿ, ಸಾಧ್ಯವಾದಷ್ಟು ಅದರಂತೆ ನಡೆಯುವುದು. ದಿನವೂ ತಟ್ಟೆಯಲ್ಲಿ ಮಿಕ್ಕ ಅನ್ನವನ್ನು, ನುಚ್ಚನ್ನು ತೂಗಿ ಬರೆಯುವುದು. ಕಿತ್ತ ಸೂಜಿಗಳನ್ನೂ ಕೈ ಕಟ್ಟಿದ ಗಂಟೆಗಳನ್ನೂ ಬಿದ್ದವರನ್ನೂ ಎಣಿಸುವುದು. ದುಬಾರಿ ಯಂತ್ರ ಯಾವುದೂ ಬೇಡ. ಅಡಿಗೆಮನೆಯ ಒಂದು ತಕ್ಕಡಿ ಸಾಕು. ತೂಗುವ ಮೊದಲು ಅದರ ಸೊನ್ನೆಯನ್ನು ನೋಡಿಕೊಳ್ಳಲಿ.