ಮೇಜಿಗೆ ತಕ್ಕ ಪರದೆ

ಕಳೆದ ವಾರ ಗಾಜನೂರಿನ ಅಕ್ಕನ ಮನೆಗೆ ಹೋದಾಗ ಅಲ್ಲೊಂದು ವಾದ ನಡೆದಿತ್ತು. ಮನೆಯಿಂದಲೇ ಕಛೇರಿಯ ಕೆಲಸ ಮಾಡುವ ಸೋದರಳಿಯನಿಗೆ 32 ಅಂಗುಲದ ಮಾನಿಟರ್ ಬೇಕು. ಅದಕ್ಕೆ ನಮ್ಮ ತಂದೆಯವರ ಹಳೆಯ ಮೇಜು ಸಾಲದು, ಮಾರಿಬಿಡೋಣವೆಂದು ಅವನ ಹಟ. ಅಕ್ಕನ ಮುಖ ಬಾಡಿತ್ತು.

ನಾನು ಅಳತೆಯ ಟೇಪು ತರಿಸಿದೆ. ಮೇಜು ಎರಡಡಿ ಅಗಲವಿತ್ತು. ಪರದೆಯು ಕಣ್ಣಿನಿಂದ ಒಂದು ತೋಳಿನಷ್ಟು, ಎಂದರೆ 50ರಿಂದ 70 ಸೆಂಟಿಮೀಟರ್ ದೂರವಿದ್ದರೆ ಹಿತ. ಅಷ್ಟು ಸಮೀಪದಲ್ಲಿ 32 ಅಂಗುಲದ ಪರದೆಯಿಟ್ಟರೆ ಅಂಚುಗಳನ್ನು ನೋಡಲು ಕತ್ತನ್ನು ಹೊರಳಿಸುತ್ತಲೇ ಇರಬೇಕು. ಮೂಲೆಯಿಂದ ಮೂಲೆಗೆ 24 ಅಂಗುಲವಿರುವ ಪರದೆಯ ಉದ್ದ ಸುಮಾರು 53 ಸೆಂಟಿಮೀಟರ್. ಈ ಮೇಜಿಗೆ ಅದೇ ತಕ್ಕುದು. ಚುಕ್ಕಿಗಳ ಸಂಖ್ಯೆ ಹೆಚ್ಚದೆ ಪರದೆ ಮಾತ್ರ ದೊಡ್ಡದಾದರೆ ಅಕ್ಷರಗಳು ಒರಟಾಗುತ್ತವೆ. ನಮ್ಮ ಒತ್ತಕ್ಷರಗಳಲ್ಲಿ ಆ ದೋಷ ಬೇಗ ಕಾಣುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೆ ತುಸು ಕೆಳಗಿರಬೇಕು.

ಅಳಿಯ ಒಪ್ಪಿದ, ಮೇಜು ಉಳಿಯಿತು. 20 ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ, ಕಿಟಕಿಯಾಚೆ ತುಂಗೆಯ ಅಣೆಕಟ್ಟಿನ ಕಡೆ 20 ಸೆಕೆಂಡು ದೃಷ್ಟಿ ಹಾಯಿಸೆಂದೂ ಹೇಳಿಬಂದೆ.

ವಾಚಕರೇ, ಅಂಗಡಿಗೆ ಹೋಗುವ ಮುನ್ನ ನಿಮ್ಮ ಮೇಜನ್ನೊಮ್ಮೆ ಅಳೆಯಿರಿ.